ಅಲೆ ಯಾರದು ಅಂತ ಮೊದಲು ಗೊತ್ತಿರಲಿ

ಇಲ್ಲಿ ಸಿಡ್ನಿಯಲ್ಲಿ ಸರ್ಫಿಂಗ್, ಅಂದರೆ ಬೋರ್ಡ್ ಮೇಲೆ ನಿಂತು ಅಲೆ ಸವಾರಿ ಮಾಡುವುದನ್ನು, ಕಲಿಯಲು ಹೋದರೆ ಮೊದಲು ದಡದಲ್ಲೇ ನಿಲ್ಲಿಸುತ್ತಾರೆ. ಸ್ವಲ್ಪ ಹೊತ್ತು ಸುಮ್ನೆ ನೀರು ನೋಡಿ ಅನ್ನುತ್ತಾರೆ. ನನಗೆ ತುಂಬಾ ಹಿಡಿಸಿದ ಪಾಠ ಇದು.

ಅಲೆಗಳು ಬೆಳ್ಳಗೆ ನೊರೆಯಾಗಿ ಒಡೆಯುವ ಜಾಗ ನೋಡಿದರೆ ಹೊಸಬರಿಗೆ ಭಯ. ನಡುವೆ ಎಲ್ಲೋ ಒಂದು ಪಟ್ಟಿ ಮಾತ್ರ ಅಲೆಯಿಲ್ಲದೆ, ಸ್ವಲ್ಪ ಕಪ್ಪಗೆ, ಶಾಂತವಾಗಿ ಕಾಣುತ್ತದೆ. ಎಲ್ಲರೂ ಇಳಿಯುವುದು ಅಲ್ಲಿಗೇ. ಅಪಾಯ ಇರುವುದೂ ಅಲ್ಲೇ. ದಡಕ್ಕೆ ಬಂದ ನೀರು ವಾಪಸ್ ಕಡಲಿಗೆ ಹೋಗುವ ದಾರಿ ಅದು. ಇಲ್ಲಿ ರಿಪ್ ಅನ್ನುತ್ತಾರೆ, ನಾವು ಸೆಳೆತ ಅನ್ನುತ್ತೇವೆ. ಸಿಕ್ಕಿಕೊಂಡರೆ ದಡದ ಕಡೆಗೇ ಈಜಿ ಸುಸ್ತಾಗಬಾರದು. ಬೋರ್ಡ್ ಬಿಡಲೇಬಾರದು. ಅದರ ಮೇಲೆ ಮಲಗಿ, ಕೈ ಎತ್ತಿ ಸಹಾಯ ಕೇಳಬೇಕು.

ಇಲ್ಲಿ ದಡದಲ್ಲಿ ನೆಟ್ಟ ಕೆಂಪು-ಹಳದಿ ಬಾವುಟಗಳ ನಡುವಿನ ನೀರು ಈಜುವವರಿಗೆ ಮೀಸಲು. ಸರ್ಫ್‌ಬೋರ್ಡ್ ಅಲ್ಲಿಗೆ ಒಯ್ಯುವಂತಿಲ್ಲ.

ಇನ್ನು ಅಲೆಯ ಹಕ್ಕು. ಅಲೆ ಒಡೆಯಲು ಶುರುವಾಗುವ ಜಾಗಕ್ಕೆ ಯಾರು ಹತ್ತಿರ ಇದ್ದಾರೋ ಅಲೆ ಅವರದು. ಅವರ ಮುಂದೆ ನುಗ್ಗುವುದಕ್ಕೆ ಡ್ರಾಪ್ ಇನ್ ಅನ್ನುತ್ತಾರೆ. ಕಡಲಲ್ಲಿ ಅದಕ್ಕಿಂತ ಕೆಟ್ಟ ನಡತೆ ಇಲ್ಲ. ಇದು ಬರೀ ಮರ್ಯಾದೆಯ ಮಾತಲ್ಲ. ಬೋರ್ಡಿನ ಅಡಿಯ ರೆಕ್ಕೆ ಚರ್ಮ ಸೀಳುತ್ತದೆ. ದೊಡ್ಡ ಅಲೆ ಬಂತು ಅಂತ ಬೋರ್ಡ್ ಬಿಟ್ಟು ಮುಳುಗಿದರೂ ಅಷ್ಟೇ. ಕಾಲಿಗೆ ಕಟ್ಟಿದ ಹಗ್ಗದ ಉದ್ದಕ್ಕೂ ಅದು ಹಿಂದಕ್ಕೆ ಚಿಮ್ಮುತ್ತದೆ. ಹಿಂದೆ ಇನ್ನೊಬ್ಬರ ತಲೆ ಇರಬಹುದು, ಅಲ್ವಾ? ನೀವೇ ಬಿದ್ದರೆ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಮೇಲೆ ಬನ್ನಿ.

ನಮ್ಮ ಕರಾವಳಿಗೂ ಸರ್ಫಿಂಗ್ ಹೊಸದೇನಲ್ಲ. ಮೂಲ್ಕಿಯಲ್ಲಿ 2004ರಲ್ಲೇ ಮಂತ್ರ ಸರ್ಫ್ ಕ್ಲಬ್ ಶುರುವಾಯಿತು. ಸಸಿಹಿತ್ಲು, ಪಣಂಬೂರಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳು ನಡೆದಿವೆ. ಕಲಿಸುವವರಿಗೆ ಕಡಲು ಗೊತ್ತು. ನನ್ನ ಚಿಂತೆ ಎಲ್ಲ ವಾರಾಂತ್ಯಕ್ಕೆ ಬೆಂಗಳೂರಿನಿಂದ ಬರುವ ನಮ್ಮವರದು. ಒಂದು ಗಂಟೆಗೆ ಬೋರ್ಡ್ ಬಾಡಿಗೆಗೆ ತಗೊಂಡು, ಎದ್ದು ನಿಂತ ಫೋಟೊ ಸಿಕ್ಕರೆ ಸಾಕು ಅನ್ನುತ್ತಾರೆ. ಈಗ ಅಲೆಗೆ ಅಷ್ಟು ಪೈಪೋಟಿ ಇಲ್ಲ, ಹಾಗಾಗಿ ನಡೆದುಹೋಗುತ್ತಿದೆ. ಜನ ಜಾಸ್ತಿಯಾದ ಮೇಲೆ ಕಲಿಸಲು ಹೋದರೆ ಯಾರೂ ಕೇಳುವುದಿಲ್ಲ. ಮೊದಲ ಪಾಠದಲ್ಲೇ ಹೇಳಿಬಿಡಬೇಕು.

ಸಿಡ್ನಿಯದೆಲ್ಲ ಒಳ್ಳೆಯದು ಅಂತಲ್ಲ. ಹೊಸಬರು ತಪ್ಪಿದರೆ ಕೂಗಾಡುವ ಹಳಬರು ಇಲ್ಲಿದ್ದಾರೆ. ಆ ಸಿಟ್ಟು ನಮಗೆ ಬೇಡ. ನಮ್ಮ ಕಡೆ ತಾಳ್ಮೆಯಿಂದ ಹೇಳಿಕೊಡುವವರಿದ್ದಾರೆ, ಕೇಳುವ ಮನಸ್ಸು ಬೇಕು ಅಷ್ಟೆ. ಸಸಿಹಿತ್ಲಿನಲ್ಲಿ ನಂದಿನಿ, ಶಾಂಭವಿ ನದಿಗಳೆರಡೂ ಕಡಲು ಸೇರುತ್ತವೆ. ಅಳಿವೆ ಬಾಗಿಲಲ್ಲಿ ಮರಳು ಜಾಗ ಬದಲಿಸುತ್ತಲೇ ಇರುತ್ತದೆ, ಸೆಳೆತವೂ ಅದರ ಜೊತೆ ಸರಿಯುತ್ತದೆ. ಹೋದ ಸಲ ಇಳಿದ ಜಾಗವೇ ಈ ಸಲವೂ ಸರಿ ಅಂದುಕೊಳ್ಳಬೇಡಿ. ಬಲೆ ಸರಿಮಾಡುತ್ತಾ ಕೂತವರನ್ನು "ಅಣ್ಣಾ, ಇವತ್ತು ಸೆಳೆತ ಯಾವ ಕಡೆ?" ಅಂತ ಕೇಳಿ. ಇಳಿಯಬೇಡಿ ಅಂದರೆ ಬೋರ್ಡ್ ವಾಪಸ್ ಕೊಟ್ಟುಬಿಡಿ.