ದೂರದ ಲಿಂಕ್ ಬೇಕಾ? ಮೊದಲು ಆಂಟೆನಾ ನೋಡಿ

ದೂರದ ವೈಫೈ ಲಿಂಕ್ ಸರಿಯಾಗಿ ನಿಲ್ಲುತ್ತಿಲ್ಲ ಅಂದ ಕೂಡಲೇ ಬರುವ ಪ್ರಶ್ನೆ ಒಂದೇ: ಪವರ್ ಜಾಸ್ತಿ ಮಾಡೋದು ಹೇಗೆ? ದಯವಿಟ್ಟು ಅದಕ್ಕೆ ದುಡ್ಡು ಸುರಿಯಬೇಡಿ. ಅದೇ ದುಡ್ಡನ್ನು ಎರಡೂ ತುದಿಯ ಡೈರೆಕ್ಷನಲ್ (ಒಂದೇ ದಿಕ್ಕಿಗೆ ಗುರಿಯಿಡುವ) ಆಂಟೆನಾಗೆ, ಅದನ್ನು ಎತ್ತಿ ನಿಲ್ಲಿಸುವ ಕಂಬಕ್ಕೆ ಹಾಕಿ.

ಕಳಿಸುವ ಪವರ್ ಏರಿಸಿದರೆ ನಮ್ಮ ಸಿಗ್ನಲ್ ಆಚೆಗೆ ಮುಟ್ಟಬಹುದು. ಆದರೆ ಆಚೆಯದು ನಮಗೆ ಮುಟ್ಟಬೇಕಲ್ಲ? ವೈಫೈನಲ್ಲಿ ಕಳಿಸಿದ್ದಕ್ಕೆ ‘ಸಿಕ್ಕಿತು’ ಎಂಬ ಉತ್ತರ ವಾಪಸ್ ಬರಲೇಬೇಕು. ಆಂಟೆನಾದ ಗೇನ್, ಅಂದರೆ ಸಿಗ್ನಲನ್ನು ಒಂದೇ ದಿಕ್ಕಿಗೆ ಒಟ್ಟುಗೂಡಿಸುವುದರಿಂದ ಸಿಗುವ ಬಲ, ಕಳಿಸುವಾಗಲೂ ಸಿಗುತ್ತದೆ, ಕೇಳುವಾಗಲೂ ಸಿಗುತ್ತದೆ.

ಲೆಕ್ಕ ಹಾಕೋಣ. 2.4 ಗಿಗಾಹರ್ಟ್ಸ್‌ನಲ್ಲಿ 5 ಕಿಲೋಮೀಟರ್ ದಾಟುವಷ್ಟರಲ್ಲಿ, ನಡುವೆ ಏನೂ ಅಡ್ಡವಿಲ್ಲದಿದ್ದರೂ, ಸುಮಾರು 114 ಡಿಬಿ (ಡೆಸಿಬೆಲ್; ಪ್ರತಿ 10 ಡಿಬಿಗೆ ಹತ್ತು ಪಟ್ಟು ವ್ಯತ್ಯಾಸ) ನಷ್ಟ. ರೇಡಿಯೋ 100 ಮಿಲಿವ್ಯಾಟ್‌ನದು, ಅಂದರೆ 20 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿದ ಡಿಬಿ). ಎರಡೂ ಕಡೆ 2 ಡಿಬಿಐನ (ಡಿಬಿಐ ಅಂದರೆ ಆಂಟೆನಾ ಗೇನ್‌ನ ಅಳತೆ) ಕಡ್ಡಿ ಆಂಟೆನಾ ಇದ್ದರೆ ಆಚೆ ಸಿಗುವುದು ಮೈನಸ್ 90 ಡಿಬಿಎಂ. ಲಿಂಕ್ ಉಸಿರಾಡುವುದೇ ಕಷ್ಟ. ಎರಡೂ ಕಡೆ 24 ಡಿಬಿಐನ ಗ್ರಿಡ್ ಡಿಶ್ (ಜಾಲರಿಯ ಡಿಶ್ ಆಂಟೆನಾ) ಹಾಕಿದರೆ ಮೈನಸ್ 46. ಅಂತರ 44 ಡಿಬಿ, ಅಂದರೆ ಇಪ್ಪತ್ತೈದು ಸಾವಿರ ಪಟ್ಟು! 100 ಮಿಲಿವ್ಯಾಟ್ ಅನ್ನು 1 ವ್ಯಾಟ್‌ಗೆ ಏರಿಸಿದರೆ ದಕ್ಕುವುದು ಬರೀ 10 ಡಿಬಿ. ಇಷ್ಟು ದೊಡ್ಡ ಡಿಶ್ ಹಾಕಿದಾಗ ಕಾನೂನಿನ ಮಿತಿ ಮೀರುವಂತಿದ್ದರೆ ರೇಡಿಯೋದ ಪವರ್ ಇಳಿಸಿ. ಕೇಳುವ ಗೇನ್ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದಿದೆ. ವೈಫೈ ಬಳಸುವ, ಲೈಸೆನ್ಸ್ ಬೇಡದ ಫ್ರೀಕ್ವೆನ್ಸಿ ಬ್ಯಾಂಡ್ ಎಲ್ಲರದ್ದು. ಅಂಥ ಡಿಶ್‌ನ ಕಿರಣ ಸುಮಾರು 8 ಡಿಗ್ರಿ ಅಗಲ, ಅಷ್ಟೇ. ಪಕ್ಕದವರ ಗದ್ದಲ ನಮಗೆ ಕಡಿಮೆ, ನಮ್ಮದು ಅವರಿಗೆ ಕಡಿಮೆ. ಸುತ್ತಲೂ ಚೆಲ್ಲುವ ಆಂಟೆನಾಗೆ ಆಂಪ್ಲಿಫೈಯರ್ ಕಟ್ಟುವುದು ನೆರೆಯವರಿಗೆ ಮಾಡುವ ಅನ್ಯಾಯ ಅಂತಲೇ ನಾನು ನಂಬಿದ್ದೇನೆ.

ಆಚೆ ತುದಿ ಕಣ್ಣಿಗೆ ಕಂಡರೆ ಸಾಲದು. ರೇಡಿಯೋ ಅಲೆಗೆ ನೇರ ಗೆರೆಯ ಸುತ್ತಲೂ ಜಾಗ ಬೇಕು. ಅದೇ ಫ್ರೆನೆಲ್ ವಲಯ. 10 ಕಿಲೋಮೀಟರ್ ಲಿಂಕ್‌ನ ನಟ್ಟನಡುವೆ ಇದರ ತ್ರಿಜ್ಯ 2.4 ಗಿಗಾಹರ್ಟ್ಸ್‌ನಲ್ಲಿ ಸುಮಾರು 18 ಮೀಟರ್. ಅದರಲ್ಲಿ ಶೇ. 60 ಆದರೂ ಖಾಲಿ ಇರಬೇಕು. ಮರದ ತುದಿ ಗೆರೆಯಿಂದ ನಾಲ್ಕೈದು ಮೀಟರ್ ಕೆಳಗಿದೆ ಅಂತ ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ.

2007ರಲ್ಲಿ ವೆನೆಜುವೆಲಾದಲ್ಲಿ ವೈರ್‌ಲೆಸ್ ತಜ್ಞ ಎರ್ಮಾನ್ನೋ ಪಿಯೆತ್ರೋಸೆಮೋಲಿ ಅವರ ತಂಡ 382 ಕಿಲೋಮೀಟರ್ ವೈಫೈ ಲಿಂಕ್ ಮಾಡಿ ತೋರಿಸಿತು. ಅಲ್ಲಿ ಕೆಲಸ ಮಾಡಿದ್ದು ಬೆಟ್ಟದ ಎತ್ತರ ಮತ್ತು ದೊಡ್ಡ ಡಿಶ್. ಅಷ್ಟು ದೂರಕ್ಕೆ ಉತ್ತರ ಬರುವವರೆಗೆ ರೇಡಿಯೋ ಕಾಯುವಂತೆಯೂ ಮಾಡಬೇಕು. ಬೆಳಕಿಗೇ ಕಿಲೋಮೀಟರಿಗೆ 3.3 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ನಿಮ್ಮ ರೇಡಿಯೋದ ಸೆಟ್ಟಿಂಗ್‌ನಲ್ಲಿ ದೂರ ನಮೂದಿಸುವ ಜಾಗ ಇದ್ದರೆ ಅದನ್ನು ಖಾಲಿ ಬಿಡಬೇಡಿ.

ಕೇಬಲ್ ಬಗ್ಗೆ ಒಂದು ಮಾತು. ತೆಳ್ಳನೆಯ ಆರ್‌ಜಿ-58 ಕೇಬಲ್ ಈ ಫ್ರೀಕ್ವೆನ್ಸಿಯಲ್ಲಿ ಮೀಟರಿಗೆ ಹತ್ತಿರ ಹತ್ತಿರ 1 ಡಿಬಿ ತಿನ್ನುತ್ತದೆ. 10 ಮೀಟರ್ ಎಳೆದರೆ ಹತ್ತರಲ್ಲಿ ಒಂಬತ್ತು ಪಾಲು ಅಲ್ಲೇ ಹೋಯಿತು. ರೇಡಿಯೋವನ್ನೇ ಮೇಲೆ ಡಿಶ್ ಹಿಂದೆ ಕೂರಿಸಿ, ಈಥರ್ನೆಟ್ ಕೇಬಲ್‌ನಲ್ಲೇ ಕರೆಂಟ್ ಕಳಿಸಿ.

ಕಂಬ ಹತ್ತುವ ಮೊದಲು ಎಷ್ಟು ಸಿಗ್ನಲ್ ಬರಬೇಕು ಅನ್ನುವ ಲೆಕ್ಕ ಕಿಸೆಯಲ್ಲಿರಲಿ. ಡಿಶ್‌ಗೆ ಮುಖ್ಯ ಕಿರಣದ ಅಕ್ಕಪಕ್ಕ ಸಣ್ಣ ಕಿರಣಗಳೂ ಇರುತ್ತವೆ. ಅದರಲ್ಲಿ ಸಿಕ್ಕ ಸಿಗ್ನಲ್ಲೇ ಗರಿಷ್ಠ ಅಂದುಕೊಂಡು ಬೋಲ್ಟ್ ಬಿಗಿದು ಇಳಿದುಬಿಡುವವರು ಬಹಳ. ಲೆಕ್ಕಕ್ಕಿಂತ ಹದಿನೈದು ಇಪ್ಪತ್ತು ಡಿಬಿ ಕಡಿಮೆ ಬಂದರೆ ಬೋಲ್ಟ್ ಸಡಿಲಿಸಿ, ಎಡಬಲ, ಮೇಲೆಕೆಳಗೆ ಪೂರ್ತಿ ಆಡಿಸಿ ನೋಡಿ. ಒಂದು ತುದಿಯ ಡಿಶ್ ಲಂಬವಾಗಿ, ಇನ್ನೊಂದು ಅಡ್ಡಡ್ಡ ಕೂತು ಎರಡರ ಅಲೆಗಳ ಕಂಪನದ ದಿಕ್ಕು ಹೊಂದದಿದ್ದರೂ ಸುಮಾರು ಇಷ್ಟೇ ನಷ್ಟ. ಅದನ್ನೂ ಆಚೆ ತುದಿಯಲ್ಲಿರುವವರಿಗೆ ಫೋನ್ ಮಾಡಿ ಕೇಳಿ.