ಏಳೂವರೆ ಸಾವಿರದ ಹೆಜ್ಜೆಗೆ ಆಟೋ

ಉಣಕಲ್ ಕೆರೆಯ ದಂಡೆಯ ಮೇಲೆ ಬೆಳಗ್ಗೆ ತಿರುಗಾಡುವ ನಮ್ಮ ಬಳಗಕ್ಕೆ ಈಗ ಮೂರು ತಿಂಗಳಿಂದ ವೈದ್ಯರ ಹಂಗಿಲ್ಲ. ಬಳಗದ ಹಿರಿಯರೂ ನಿವೃತ್ತ ಬ್ಯಾಂಕ್ ಅಧಿಕಾರಿಗಳೂ ಆದ ಒಬ್ಬರು ದಿನಾಲೂ ನಸುಕಿನ ಐದಕ್ಕೆ ಎದ್ದು, ವ್ಯಾಯಾಮದ ಮೇಲಿನ ಯಾವುದಾದರೊಂದು ಸಂಶೋಧನಾ ಪ್ರಬಂಧವನ್ನು ಕೃತಕ ಬುದ್ಧಿಮತ್ತೆಯ ಬಾಯಿಗೆ ಹಾಕಿ, ಅದು ಅಗಿದು ಕೊಟ್ಟ ಐದು ಸಾಲುಗಳನ್ನು ನಮ್ಮ ವಾಟ್ಸ್ಆ್ಯಪ್ ಗುಂಪಿಗೆ ಬಡಿಸುತ್ತಾರೆ. ಇಡೀ ಸೇವಾವಧಿಯಲ್ಲಿ ಜಾಮೀನುದಾರನ ಸಹಿ ಇಲ್ಲದೆ ಒಂದು ಎಮ್ಮೆಯ ಸಾಲವನ್ನೂ ಮಂಜೂರು ಮಾಡದ, ಉತಾರದಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ರೈತನನ್ನು ತಹಶೀಲ್ದಾರ ಕಚೇರಿಗೆ ಅಟ್ಟುತ್ತಿದ್ದ ಈ ಮಹನೀಯರು, ಈಗ ಯಾರ ಮೇಲೆ, ಎಷ್ಟು ಮಂದಿಯ ಮೇಲೆ, ಎಷ್ಟು ಕಾಲ ನಡೆದ ಅಧ್ಯಯನ ಎಂಬುದೊಂದನ್ನೂ ಕೇಳದೆ ಹುಬ್ಬಳ್ಳಿಯ ಸಮಸ್ತ ಹೃದಯಗಳಿಗೆ ಮಂಜೂರಾತಿ ಕೊಡುತ್ತಿದ್ದಾರೆ.

ಕಳೆದ ತಿಂಗಳು ಬಂದ ಒಂದು ಸಾರಾಂಶದ ಮೊದಲ ಸಾಲು ಹೀಗಿತ್ತು: 'ದಿನಕ್ಕೆ 7,500 ಹೆಜ್ಜೆ ಸಾಕು, ಅದಕ್ಕಿಂತ ಹೆಚ್ಚು ನಡೆದರೆ ಪ್ರಯೋಜನವಿಲ್ಲ.' ಅಲ್ಲಿಯವರೆಗೆ ನಾವೆಲ್ಲ 10,000 ಹೆಜ್ಜೆಯ ಭಕ್ತರು. ಆ ಸಂಖ್ಯೆಯನ್ನು ವೈದ್ಯಶಾಸ್ತ್ರ ಹೆತ್ತಿರಲಿಲ್ಲ. ಟೋಕಿಯೋ ಒಲಿಂಪಿಕ್ಸ್‌ನ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ತಾನು ಮಾರಬೇಕಿದ್ದ ಯಂತ್ರಕ್ಕೆ 'ಮಾನ್‌ಪೊ-ಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ, ಎಂದು ಹೆಸರಿಟ್ಟಿತ್ತು. ಅಂಗಡಿಯ ಬೋರ್ಡನ್ನೇ ಗುಡಿಯ ಶಾಸನವೆಂದು ಓದಿಕೊಂಡು ಬಂದಿದ್ದ ನಮಗೆ ಈಗ ಹೊಸ ಶಾಸನ ದೊರೆಯಿತು.

ಮರುದಿನ ಬಳಗದ ಸದಸ್ಯರೊಬ್ಬರ ಕೈಗಡಿಯಾರ ಕೆರೆಯ ಆಚೆ ದಂಡೆಯಲ್ಲಿ ಏಳೂವರೆ ಸಾವಿರಕ್ಕೆ ಬಂದು ಗುಂಯ್ ಎಂದಿತು. ಅವರ ಸ್ಕೂಟರು ಈಚೆ ದಂಡೆಯಲ್ಲಿತ್ತು. ಮುಂದಿಡುವ ಪ್ರತಿ ಹೆಜ್ಜೆಯೂ ವ್ಯರ್ಥವೆಂದು ವಿಜ್ಞಾನವೇ ಸಾರಿರುವಾಗ ಸುಮ್ಮನೆ ಚಪ್ಪಲಿ ಸವೆಸುವುದು ಜಾಣತನವಲ್ಲವೆಂದು ಬಗೆದು, ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತು ಆಟೋ ಕರೆಸಿದರು. "ಕಾಲ ಉಳಕೇತೇನ್ರಿ ಸಾಹೇಬ್ರ?" ಎಂದು ಆಟೋದವನು ಕಳವಳದಿಂದ ಕೇಳಿದನಂತೆ. "ಇಲ್ಲಪಾ, ಕೋಟಾ ಮುಗೀತು" ಎಂದು ಹೇಳಿ, ಎಂಬತ್ತು ರೂಪಾಯಿ ತೆತ್ತು, ಮಿರ್ಚಿ ಭಜಿಯ ಗಾಡಿಯ ಮುಂದೆ ಇಳಿದರು. ಭಜಿಯ ಬಗ್ಗೆ ಸಾರಾಂಶದಲ್ಲಿ ಏನೂ ಇರಲಿಲ್ಲ.

ಮೂಲ ಪ್ರಬಂಧವನ್ನು ತೆರೆದು ನೋಡಿದ ಪಾಪ ನನ್ನದು. 2019ರಲ್ಲಿ ಪ್ರಕಟವಾದ ಆ ಅಧ್ಯಯನ ನಡೆದದ್ದು ಅಮೆರಿಕದ 16,741 ಮಹಿಳೆಯರ ಮೇಲೆ. ಅವರ ಸರಾಸರಿ ವಯಸ್ಸು 72. ಏಳು ದಿನ ಸೊಂಟಕ್ಕೆ ಮಾಪಕ ಕಟ್ಟಿ ಹೆಜ್ಜೆ ಎಣಿಸಿ, ಆಮೇಲೆ ಸರಾಸರಿ ನಾಲ್ಕು ವರ್ಷಕ್ಕೂ ತುಸು ಹೆಚ್ಚು ಕಾಲ ಯಾರು ಯಾರು ತೀರಿಕೊಂಡರೆಂದು ಲೆಕ್ಕವಿಟ್ಟಿದ್ದರು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆದವರಿಗಿಂತ 4,400 ನಡೆದವರಲ್ಲಿ ಸಾವು ಕಡಿಮೆಯಿತ್ತು, ಮತ್ತು 7,500ರ ಹೊತ್ತಿಗೆ ಆ ಇಳಿಕೆ ಸಮತಟ್ಟಾಗಿತ್ತು. ಅಲ್ಲಿ ಅಳೆದದ್ದು ಸಾವನ್ನೇ ಹೊರತು ನಮ್ಮವರ ಸಕ್ಕರೆಯನ್ನೂ ಅಲ್ಲ, ಹೊಟ್ಟೆಯ ಸುತ್ತಳತೆಯನ್ನೂ ಅಲ್ಲ. ಮೊದಲೇ ಗಟ್ಟಿಮುಟ್ಟಾಗಿದ್ದವರು ಹೆಚ್ಚು ನಡೆದಿರಬಹುದು ಎಂಬ ಅನುಮಾನವೂ ಇಂಥ ಅಧ್ಯಯನಗಳ ಬೆನ್ನಿಗೆ ಇದ್ದೇ ಇರುತ್ತದೆ. ಐವತ್ತೆಂಟರ, ಹುರಿಮೀಸೆಯ ನಮ್ಮ ಸದಸ್ಯರನ್ನು ಅಮೆರಿಕದ ಅಜ್ಜಿಯನ್ನಾಗಿ ಮಾಡಲು ಯಂತ್ರಕ್ಕೆ ಐದು ಸಾಲು ಸಾಕಾಯಿತು.

ಬಳಗದಲ್ಲಿರುವ ನಿವೃತ್ತ ಕನ್ನಡ ಮಾಸ್ತರರು ಮೂಲವನ್ನೂ ಸಾರಾಂಶವನ್ನೂ ಅಕ್ಕಪಕ್ಕದಲ್ಲಿಟ್ಟು ಓದಿ, "ಭೂತಕಾಲ ಎಲ್ಲಿ ಹೋತ್ರಿ?" ಎಂದು ಕೇಳಿದರು. 'ಕಡಿಮೆಯಿತ್ತು' ಎಂಬುದು 'ಕಡಿಮೆಯಾಗುತ್ತದೆ' ಎಂದಾಗಿತ್ತು. ಆ ಹೆಂಗಸರಲ್ಲಿ ಹೀಗೆ ಕಂಡಿತು ಎಂಬ ಸಾಕ್ಷಿಯ ಮಾತು ಎಲ್ಲರಿಗೂ ಹೀಗೆಯೇ ಆಗುತ್ತದೆ ಎಂಬ ಜ್ಯೋತಿಷಿಯ ಮಾತಾಗುವುದಕ್ಕೆ ಒಂದು ಕ್ರಿಯಾಪದದ ಬಾಲ ತಿರುಚಿದರೆ ಸಾಕು.

ಹಿರಿಯರು ಧೃತಿಗೆಡಲಿಲ್ಲ. ಮುಂದಿನ ವಾರ ಲಂಡನ್ನಿನ ಬಸ್ಸುಗಳ ಪ್ರಸಿದ್ಧ ಅಧ್ಯಯನ ಬಂತು. ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಕುಳಿತೇ ಇರುವ ಡ್ರೈವರುಗಳಿಗಿಂತ ಹೃದ್ರೋಗ ಕಡಿಮೆಯಿತ್ತೆಂದು ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ತೋರಿಸಿದ್ದರು. ಯಂತ್ರ ಅದನ್ನು 'ಕಂಡಕ್ಟರ್ ಕೆಲಸ ಹೃದಯವನ್ನು ಕಾಪಾಡುತ್ತದೆ' ಎಂದು ಹಿಂಡಿತು. ಬಳಗದಲ್ಲಿ ಕೋಲಾಹಲವೆದ್ದಿತು, ಏಕೆಂದರೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುತ್ತ ಕೆರೆಯ ಮಗ್ಗುಲಲ್ಲೇ ಹಾಯುವ ಚಿಗರಿ ಬಸ್ಸಿನಲ್ಲಿ ಕಂಡಕ್ಟರೇ ಇಲ್ಲ, ಟಿಕೆಟ್ಟು ನಿಲ್ದಾಣದಲ್ಲೇ ಸಿಗುತ್ತದೆ. ಅವಳಿ ನಗರದ ಹೃದಯಗಳನ್ನು ಉಳಿಸಲು ಚಿಗರಿಗೆ ಕೂಡಲೇ ಕಂಡಕ್ಟರರನ್ನೂ, ಸಾಧ್ಯವಾದರೆ ಒಂದು ಮೆಟ್ಟಿಲನ್ನೂ ಒದಗಿಸಬೇಕೆಂಬ ಮನವಿ ಸಿದ್ಧವಾಗಿ ಏಳು ಸಹಿಗಳೂ ಬಿದ್ದವು. ಅದೇ ಮಾರಿಸ್ 1956ರಲ್ಲಿ ಬಸ್ ನೌಕರರ ಸಮವಸ್ತ್ರದ ಅಳತೆಗಳನ್ನು ತರಿಸಿ ನೋಡಿದಾಗ, ಎಳೆಯ ವಯಸ್ಸಿನ ಡ್ರೈವರುಗಳ ಪ್ಯಾಂಟಿನ ಸೊಂಟವೂ ಕಂಡಕ್ಟರರದ್ದಕ್ಕಿಂತ ದೊಡ್ಡದಾಗಿತ್ತು. ಕುಳಿತದ್ದರಿಂದಲೇ ಹೃದಯ ಕೆಟ್ಟಿತೋ, ದಪ್ಪನೆಯವರೇ ಆ ಸೀಟಿಗೆ ಹೋಗಿದ್ದರೋ ಎಂಬ ಸಂಶಯವನ್ನು ಸಂಶೋಧಕರು ತಾವೇ ತಮ್ಮ ತಲೆಯ ಮೇಲೆ ಎಳೆದುಕೊಂಡಿದ್ದರು. ಸಾರಾಂಶಕ್ಕೆ ಹೃದಯ ಬಂತು, ಬಸ್ಸು ಬಂತು, ಪ್ಯಾಂಟು ಮಾತ್ರ ಲಂಡನ್ನಿನಲ್ಲೇ ಉಳಿಯಿತು.

ಇದನ್ನು ತೋರಿಸಿದಾಗ ಹಿರಿಯರು, ಇನ್ನು ಮುಂದೆ ತಪ್ಪಿಲ್ಲದಂತೆ ಬರೆಯಬೇಕೆಂದು ಯಂತ್ರಕ್ಕೆ ತಾಕೀತು ಮಾಡುವುದಾಗಿ ಹೇಳಿದರು. ಆ ತಾಕೀತಿನ ಫಲವನ್ನೂ ಅಳೆದವರಿದ್ದಾರೆ. ಕೃತಕ ಬುದ್ಧಿಮತ್ತೆಯ ಹತ್ತು ಮಾದರಿಗಳು ಬರೆದ 4,900 ಸಾರಾಂಶಗಳನ್ನು ಪರೀಕ್ಷಿಸಿ 2025ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಪ್ರಬಂಧದ ಪ್ರಕಾರ, ಕೆಲವರ ಮೇಲೆ ಕಂಡದ್ದನ್ನು ಎಲ್ಲರಿಗೂ ಹಚ್ಚುವ ಚಾಳಿ ಮನುಷ್ಯರ ಸಾರಾಂಶಕ್ಕಿಂತ ಯಂತ್ರದ್ದರಲ್ಲಿ ಸುಮಾರು ಐದು ಪಟ್ಟು ಹೆಚ್ಚಿತ್ತು; ತಪ್ಪಿಲ್ಲದಂತೆ ಬರೆ ಎಂದು ಎಚ್ಚರಿಸಿದಾಗ ಅದು ಇಳಿಯುವ ಬದಲು ಏರಿತ್ತು. ಎಲ್ಲ ಮಾದರಿಗಳೂ ಒಂದೇ ಸಮ ಕೆಟ್ಟಿರಲಿಲ್ಲ ಎಂಬುದನ್ನೂ ಆ ಪ್ರಬಂಧ ಹೇಳುತ್ತದೆ.

ಹಿರಿಯರಿಗೆ ಪ್ರಬಂಧವನ್ನು ಕಳಿಸಿದೆ. ಮರುದಿನ ನಸುಕಿನ ಐದಕ್ಕೆ ಅದರ ಸಾರಾಂಶವೂ ಬಂತು: 'ಕೃತಕ ಬುದ್ಧಿಮತ್ತೆ ಎಲ್ಲವನ್ನೂ ಉತ್ಪ್ರೇಕ್ಷಿಸುತ್ತದೆ.' ಹನ್ನೊಂದು ಹೆಬ್ಬೆರಳುಗಳು ಮೇಲೆದ್ದವು. ಕೆರೆಯ ಆಚೆ ದಂಡೆಯಲ್ಲಿ ಈಗ ಬೆಳಗಿನ ಆರೂಮುಕ್ಕಾಲಿಗೆ ಮೂರು ಆಟೋಗಳು ತಾವಾಗಿಯೇ ಬಂದು ನಿಲ್ಲುತ್ತಿವೆ.