ಹಾಯಾಗಿರೋ ಕೆಲಸ

ಫೋನು ನನ್ನ ಗುರುತು ಹಿಡಿಯಲಿಲ್ಲ. ಟಬ್ಬಿನಲ್ಲಿ ಕತ್ತಿನ ತನಕ ಬಿಸಿನೀರು, ಮುಚ್ಚಿದ ಕಣ್ಣು, ಕೊಳಲಿಗೆ ಮಳೆಯ ಸದ್ದು ಬೆರೆಸಿದ ಅದ್ಯಾವುದೋ ಸಂಗೀತ. ಅಷ್ಟರಲ್ಲಿ ಒಬ್ಬ ಗಂಡಸು ಗಂಟಲು ಹರಿದುಹೋಗುವ ಹಾಗೆ ‘ತಕ್ಷಣ ಸಾಲ ಬೇಕೇ?’ ಅಂತ ಕೂಗಿದ. ಜಾಹೀರಾತು. ಅವನ ಬಾಯಿ ಮುಚ್ಚಿಸೋಣ ಅಂತ ಟವೆಲಿಗೆ ಕೈ ಒರೆಸಿ ಬೆರಳಿಟ್ಟೆ. ಫೋನು ಒಂದು ಸಲ ನಡುಗಿ ಸುಮ್ಮನಾಯಿತು. ಇನ್ನೊಂದು ಬೆರಳಿಟ್ಟೆ. ಊಹೂಂ. ಹೆಬ್ಬೆರಳು? ಅದೂ ಇಲ್ಲ. ಸಾಲದವನು ನಿಧಾನವಾಗಿ ಬಡ್ಡಿಯ ವಿಷಯವನ್ನೆಲ್ಲ ಹೇಳಿ ಮುಗಿಸಿಯೇ ಹೋದ. ಬೆರಳು ನೋಡಿಕೊಂಡರೆ ತುದಿಯೆಲ್ಲ ಸುಕ್ಕು ಸುಕ್ಕು.

ಇದಕ್ಕೆಲ್ಲ ಮೂಲ ನನ್ನ ನಾದಿನಿ ಕೊಟ್ಟ ಡಬ್ಬ. “ಅತ್ತಿಗೆ, ನಿಮಗೂ ಸ್ವಲ್ಪ ರೆಸ್ಟ್ ಬೇಕು ಅಲ್ವಾ?” ಅಂತ ಬಹಳ ಅಕ್ಕರೆಯಿಂದಲೇ ಕೊಟ್ಟಳು. ಒಳಗೆ ಮೇಣದ ಬತ್ತಿ, ಸ್ನಾನದ ಉಪ್ಪು, ನೀರಿಗೆ ಹಾಕಿದರೆ ಬುರಬುರ ನೊರೆ ಬಿಡುವ ಎರಡು ನೀಲಿ ಉಂಡೆ, ಲ್ಯಾವೆಂಡರ್ ಎಣ್ಣೆಯ ಪುಟ್ಟ ಶೀಶೆ, ಒಣಗಿದ ಗುಲಾಬಿ ಎಸಳು. ಜೊತೆಗೆ ಮನೆಯಲ್ಲೇ ಸ್ಪಾ ಮಾಡಿಕೊಳ್ಳುವುದು ಹೇಗೆ ಅಂತ ಒಂದು ಚೀಟಿ. ರೆಸ್ಟ್ ಬೇಕು ಅಂದವಳು ಎರಡು ದಿನ ಬಂದು ಅಡುಗೆಮನೆ ನೋಡಿಕೊಳ್ಳುತ್ತೇನೆ ಅನ್ನಬಹುದಿತ್ತು. ಡಬ್ಬ ಕೊಡೋದು ಸುಲಭ. ಇರಲಿ, ಒಳ್ಳೆಯ ಹುಡುಗಿ.

ಚೀಟಿಯ ಮೊದಲ ಸಾಲೇ ‘ಟಬ್ಬನ್ನು ಹಿತವಾದ ಬಿಸಿನೀರಿನಿಂದ ತುಂಬಿಸಿ’. ಇದನ್ನು ಬರೆದವರ ಮನೆಯ ಗೀಸರ್ ಎಷ್ಟು ದೊಡ್ಡದೋ. ನಮ್ಮದು 25 ಲೀಟರ್. ಟಬ್ಬಿಗೆ ಬೇಕಾದದ್ದು ಸುಮಾರು 150. ಕುದಿಕುದಿ ಬಂದ ನೀರಿಗೆ ತಣ್ಣೀರು ಬೆರೆಸಿ ಹದ ಮಾಡಿದರೆ ಒಂದು ಸಲಕ್ಕೆ 65 ಲೀಟರ್ ಆದರೆ ಹೆಚ್ಚು. ಅಂದರೆ ಮಂಡಿ ಮುಳುಗಿ ಬೆನ್ನು ನಡುಗುವಷ್ಟು. ಇನ್ನೊಂದು ಸಲ ಕಾಯಿಸೋಣ ಅಂದರೆ ಅಷ್ಟರಲ್ಲಿ ಟಬ್ಬಿನಲ್ಲಿರುವುದು ಆರುತ್ತಾ ಬರುತ್ತದೆ. ನೀರು ಬೇಗ ತಣ್ಣಗಾಗುವುದು ಮೇಲಿನಿಂದ, ಆವಿಯಾಗುತ್ತಾ. ಅದಕ್ಕೇ ಮೇಲೊಂದು ದೊಡ್ಡ ಪ್ಲಾಸ್ಟಿಕ್ ಹಾಳೆ ಹೊದಿಸಿ, ಗೀಸರಿನ ಕೆಂಪು ದೀಪ ಆರುವುದನ್ನೇ ಕಾಯುತ್ತಾ ನಿಂತಿದ್ದೆ. ನಮ್ಮವರು ಇಣುಕಿ ನೋಡಿ, “ಏನೇ ಇದು, ಒಳಗೆ ಏನು ಬಚ್ಚಿಟ್ಟಿದ್ದೀಯಾ?” ಅಂದರು. ಉತ್ತರ ಕೊಡಲಿಲ್ಲ. ಹಾಯಾಗಿರಬೇಕಾದ ದಿನ ಜಗಳ ಯಾಕೆ.

ಉಪ್ಪಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಪ್ಸಮ್ ಉಪ್ಪು ಅಂದರೆ ಮೆಗ್ನೀಸಿಯಂ ಸಲ್ಫೇಟ್. ಅದು ಚರ್ಮದಿಂದ ಒಳಗಿಳಿದು ಮೈಕೈ ನೋವು ಎಳೆದು ಹಾಕುತ್ತದೆ ಅಂತ ಪೊಟ್ಟಣದ ಮೇಲೆ ಬರೆದಿತ್ತು. ಹಾಗೆ ಒಳಗಿಳಿಯುತ್ತದೆ ಅನ್ನಲು ಗಟ್ಟಿ ಪುರಾವೆ ಏನಿಲ್ಲ. ಹಿತ ಅನ್ನಿಸಿದರೆ ಅದು ಬಿಸಿನೀರಿನ ಹಿತವೇ ಇರಬೇಕು, ಹೆಸರು ಮಾತ್ರ ಉಪ್ಪಿಗೆ. ಎಣ್ಣೆಯದು ಇನ್ನೊಂದು ಥರ. ಅದು ನೀರಿನಲ್ಲಿ ಕರಗುವುದಿಲ್ಲ. ಹಾಗೇ ತೊಟ್ಟಿಕ್ಕಿಸಿದರೆ ಮೇಲೆ ತೇಲಿ, ಸಿಕ್ಕ ಜಾಗಕ್ಕೆ ಅಂಟಿಕೊಂಡು ಚುರುಗುಟ್ಟುತ್ತದೆ. ಮೊದಲು ಬೇರೆ ಸಾದಾ ಎಣ್ಣೆಗೆ ಬೆರೆಸಿಕೊಳ್ಳಬೇಕು. ಹಾಗೆ ಬೆರೆಸಿ ಹಾಕಿದರೆ ಟಬ್ಬಿನ ತಳ ಜಾರುಬಂಡೆ. ಬೆನ್ನಿನ ಬಿಗಿತ ಸಡಿಲಾಗಲಿ ಅಂತ ಇಳಿದವಳು ಎರಡೂ ಕೈಯಲ್ಲಿ ಅಂಚು ಹಿಡಿದು, ಹಲ್ಲು ಕಚ್ಚಿಕೊಂಡು ಕೂತೆ.

ಆಮೇಲೆ ಬೆರಳು ಸುಕ್ಕಾಗಿದ್ದು.

ಚಿಕ್ಕಂದಿನಲ್ಲಿ ನಮಗೆಲ್ಲ ಒಂದೇ ವಿವರಣೆ, ಅಲ್ವಾ? ಚರ್ಮ ನೀರು ಹೀರಿ ಉಬ್ಬುತ್ತದೆ, ಉಬ್ಬಿ ಮಡಿಕೆ ಬೀಳುತ್ತದೆ. ನಾನೂ ನನ್ನ ಮಗಳಿಗೆ ಅದನ್ನೇ ಹೇಳಿಕೊಟ್ಟಿದ್ದೆ. ವಿಷಯ ಹಾಗಿಲ್ಲವಂತೆ. 1930ರ ದಶಕದಲ್ಲೇ ವೈದ್ಯರು ಒಂದು ವಿಚಿತ್ರ ಗಮನಿಸಿದ್ದರು. ಕೈಗೆ ಹೋಗುವ ನರಕ್ಕೆ ಪೆಟ್ಟು ಬಿದ್ದವರ ಬೆರಳು ಎಷ್ಟು ಹೊತ್ತು ನೀರಿನಲ್ಲಿಟ್ಟರೂ ಸುಕ್ಕಾಗುತ್ತಿರಲಿಲ್ಲ. ಬರೀ ಚರ್ಮ ನೀರು ಕುಡಿಯುವುದೇ ಕಾರಣ ಆಗಿದ್ದರೆ ಅದಕ್ಕೆ ನರದ ಹಂಗೇಕೆ? ಆಗುವುದು ಇಷ್ಟು. ಬೆವರಿನ ರಂಧ್ರಗಳಲ್ಲಿ ನೀರು ಇಳಿಯುತ್ತದೆ, ನರಕ್ಕೆ ಸುದ್ದಿ ಮುಟ್ಟುತ್ತದೆ, ನರ ಬೆರಳ ತುದಿಯ ರಕ್ತನಾಳಗಳನ್ನು ಬಿಗಿಯುತ್ತದೆ. ಒಳಗಿನ ತಿರುಳು ಕುಗ್ಗುತ್ತದೆ, ಮೇಲಿನ ಚರ್ಮ ಒಳಕ್ಕೆ ಎಳೆದುಕೊಂಡು ನೆರಿಗೆಯಾಗುತ್ತದೆ. 1973ರಲ್ಲಿ ಶಸ್ತ್ರವೈದ್ಯರೊಬ್ಬರು ಇದನ್ನೇ ನರದ ಪರೀಕ್ಷೆ ಮಾಡಿಬಿಟ್ಟರು. ಚಿಕ್ಕ ಮಗುವನ್ನು ಸೂಜಿಯಿಂದ ಚುಚ್ಚಿ ‘ಗೊತ್ತಾಗುತ್ತಾ’ ಅಂತ ಕೇಳಬೇಕಾಗಿಲ್ಲ. ಕೈಯನ್ನು ಬಿಸಿನೀರಲ್ಲಿಟ್ಟು ನೋಡಿದರೆ ಸಾಕು.

ಸರಿ, ನರ ಯಾಕೆ ಇಷ್ಟು ಕಷ್ಟಪಡುತ್ತದೆ? 2011ರಲ್ಲಿ ಒಂದು ತಂಡ ಹೇಳಿತು: ಟಯರಿನ ಮೇಲೆ ಗೀರು ಇರುವುದು ಯಾಕೋ ಬೆರಳಿನ ಮೇಲೆ ಸುಕ್ಕು ಬೀಳುವುದೂ ಅದಕ್ಕೇ. ನೀರು ಹರಿದುಹೋಗಿ ಹಿಡಿತ ಸಿಗಲಿ ಅಂತ. 2013ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು ಪರೀಕ್ಷಿಸಿಯೇ ನೋಡಿದರು. 20 ಜನರನ್ನು ಕೂರಿಸಿ, 40 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆ ಕೈ ನೆನೆಸಿ, ಒದ್ದೆ ಗೋಲಿಗಳನ್ನೂ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನೂ ಒಂದು ಸಣ್ಣ ಕಿಂಡಿಯೊಳಗಿಂದ ಈ ಕೈಯಿಂದ ಆ ಕೈಗೆ ದಾಟಿಸಿ ಅಂದರು. ದೊಡ್ಡವರು, ಓದಿದವರು, ಕೂತು ಗೋಲಿ ದಾಟಿಸಿದ್ದಾರೆ. ಬೆರಳು ಸುಕ್ಕಾಗಿದ್ದಾಗ ಅದೇ ಜನ ಬೇಗ ಮುಗಿಸಿದರಂತೆ, ಸುಕ್ಕಿಲ್ಲದಾಗ ನಿಧಾನ. ಮುಂದಿನ ವರ್ಷವೇ ಬರ್ಲಿನ್ನಿನವರು 40 ಜನರನ್ನು ಕೂರಿಸಿ ಪರೀಕ್ಷಿಸಿ, ನಮಗೇನೂ ವ್ಯತ್ಯಾಸ ಕಾಣಲಿಲ್ಲ ಅಂದರು. ಗೋಲಿಯಾಟ ಅಂದಮೇಲೆ ತಕರಾರು ಇದ್ದದ್ದೇ.

ನನಗೆ ಕಾಡಿದ್ದು ಅದಲ್ಲ. ಬೆರಳಿನಲ್ಲಿ ಈ ಕೆಲಸ ಮಾಡಿಸುವ ನರಗಳು ಯಾವ ಗುಂಪಿನವು ಅಂತೀರಿ? ನಾಯಿ ಅಟ್ಟಿಸಿಕೊಂಡು ಬಂದಾಗ ಎದೆ ಡವಡವ ಅನ್ನಿಸುವ ಗುಂಪಿನವೇ. ಅಂದರೆ ಮೂರು ಸುತ್ತು ಗೀಸರ್ ಕಾಯಿಸಿ, ದೀಪ ಆರಿಸಿ, ಲ್ಯಾವೆಂಡರ್ ತೇಲಿಸಿ, ಇಷ್ಟೆಲ್ಲ ಮಾಡಿ ಕಣ್ಣು ಮುಚ್ಚಿದರೆ ನನ್ನದೇ ಬೆರಳ ತುದಿಯಲ್ಲಿ ಯಾರೋ ಪಹರೆ ನಿಂತಿದ್ದಾರೆ. ಈಗಲೋ ಆಗಲೋ ಒದ್ದೆ ಗೋಲಿ ಹಿಡಿಯಬೇಕಾಗುತ್ತದೆ, ತಯಾರಾಗಿರು ಅಂತ. ತಪ್ಪು ಅನ್ನಲೂ ಬರುವುದಿಲ್ಲ. ಆ ತಳದ ಎಣ್ಣೆ ನೋಡಿದರೆ ಪಹರೆ ಬೇಕಾದದ್ದೇ.

ಅಷ್ಟರಲ್ಲಿ ಬಾಗಿಲು ಬಡಿತ. “ಅಮ್ಮಾ, ನನ್ನ ಚಾರ್ಜರ್ ಎಲ್ಲಿ?”

ಚಾರ್ಜರ್ ಎಲ್ಲಿದೆ ಅಂತ ನನಗೆ ಗೊತ್ತಿತ್ತು. ಸಿಟ್ಟು ಬಂದದ್ದು ಅದಕ್ಕೇ. ಮನೆಯಲ್ಲಿ ಯಾವ ವಸ್ತು ಎಲ್ಲಿದೆ ಅನ್ನುವುದನ್ನು ತಲೆಯಲ್ಲಿಟ್ಟುಕೊಂಡು ಟಬ್ಬಿಗಿಳಿದರೆ ಅದಕ್ಕೆ ಯಾವ ಉಪ್ಪೂ ಹಿಡಿಯುವುದಿಲ್ಲ. ಚೀಟಿಯಲ್ಲಿ ಬತ್ತಿಯನ್ನು ಎಲ್ಲಿಡಬೇಕು, ಟವೆಲನ್ನು ಹೇಗೆ ಸುತ್ತಿಡಬೇಕು ಎಲ್ಲ ಇದೆ. ಮನೆಯವರನ್ನು ಒಂದು ಗಂಟೆ ಹೊರಗೆ ಕಳಿಸಿ ಅನ್ನುವ ಒಂದು ಸಾಲಿಲ್ಲ. “ಫ್ರಿಜ್ ಮೇಲೆ!” ಅಂತ ಕೂಗಿದೆ. ಕೂಗಿದ ಗಾಳಿಗೆ ಮೇಣದ ಬತ್ತಿ ಆರಿತು.

ಒಂದು ಮಾತು ಒಪ್ಪಲೇಬೇಕು. ಬಿಸಿನೀರಿನ ಸ್ನಾನದಿಂದ ನಿದ್ದೆಗೆ ಉಪಕಾರ ಇದೆ. ಹಲವು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದ 2019ರ ಒಂದು ವರದಿ, ಮಲಗುವ ಒಂದೆರಡು ಗಂಟೆ ಮುಂಚೆ 40ರಿಂದ 42.5 ಡಿಗ್ರಿಯ ನೀರಿನಲ್ಲಿ ಸ್ನಾನ ಮಾಡಿದರೆ ಬೇಗ ನಿದ್ದೆ ಹತ್ತುತ್ತದೆ ಅನ್ನುತ್ತದೆ. ಬಿಸಿಗೆ ಅಂಗೈ ಅಂಗಾಲಿಗೆ ರಕ್ತ ನುಗ್ಗುತ್ತದೆ, ಅಲ್ಲಿಂದ ಒಳಗಿನ ಶಾಖ ಹೊರಗೆ ಹೋಗುತ್ತದೆ, ಮೈಯೊಳಗೆ ತಂಪಾಗುತ್ತದೆ, ತಂಪಾದ ಮೈಗೆ ನಿದ್ದೆ. ಚೆನ್ನಾಗಿದೆ. ಎಷ್ಟು ಹೊತ್ತಿನ ಸ್ನಾನ ಬೇಕು ಅಂತೀರಿ? ಹತ್ತು ನಿಮಿಷ ಸಾಕಂತೆ. ಶವರ್ ಕೆಳಗೆ ನಿಂತರೂ ನಡೆಯುತ್ತದೆ. ಎಸಳಿನ ಮಾತೇ ಇಲ್ಲ.

ಎಸಳು ಅಂದೆನಲ್ಲ. ಫೋಟೋದಲ್ಲಿ ಅವು ನೀರಿನ ಮೇಲೆ ತೇಲುತ್ತಾ ಎಷ್ಟು ಚೆಂದ. ನೀರು ಇಳಿಯುವಾಗಿನ ಫೋಟೋ ಯಾರೂ ಹಾಕುವುದಿಲ್ಲ. ಒಂದು ಮಂಡಿಗೆ, ಎರಡು ಬೆನ್ನಿಗೆ, ಉಳಿದವೆಲ್ಲ ಕಂದುಬಣ್ಣಕ್ಕೆ ತಿರುಗಿ ಜಾಲರಿಯ ತೂತಿಗೆ ಮುಖ ಕೊಟ್ಟು ಮಲಗಿರುತ್ತವೆ. ಬಗ್ಗಿ ಒಂದೊಂದಾಗಿ ಕಿತ್ತೆ. ನೀಲಿ ಉಂಡೆ ಟಬ್ಬಿನ ಸುತ್ತ ಒಂದು ಗೆರೆ ಎಳೆದಿತ್ತು. ಎಣ್ಣೆಯ ಜಿಡ್ಡಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಜ್ಜಿದೆ. ನಿಜವಾದ ಸ್ಪಾದವರು ದುಡ್ಡು ತೆಗೆದುಕೊಳ್ಳುವುದು ಬತ್ತಿಗೂ ಅಲ್ಲ, ಕೊಳಲಿಗೂ ಅಲ್ಲ, ಇದಕ್ಕೆ. ಎದ್ದು ಹೋದಮೇಲೆ ತೊಳೆಯುವವರು ಬೇರೆ ಇರುತ್ತಾರಲ್ಲ, ಅದಕ್ಕೆ. ಉಜ್ಜಿ ಮುಗಿಯುವ ಹೊತ್ತಿಗೆ ಬೆವರಿದ್ದೆ. ಇನ್ನೊಮ್ಮೆ ಸ್ನಾನ ಮಾಡಿದೆ, ಬಕೆಟ್ಟಿನಲ್ಲಿ.

“ಹೇಗಿತ್ತು ಅತ್ತಿಗೆ?” ಅಂತ ನಾದಿನಿ ಫೋನ್ ಮಾಡಿದಳು. ತುಂಬಾ ಚೆನ್ನಾಗಿತ್ತು ಅಂದೆ. ಬೇರೆ ಏನು ಹೇಳಲಿ? ಹಾಗಂದದ್ದಕ್ಕೆ ಮುಂದಿನ ಸಲ ದೊಡ್ಡ ಡಬ್ಬ ಕೊಡುತ್ತಾಳಂತೆ.

ಉಳಿದಿದ್ದ ಇನ್ನೊಂದು ನೀಲಿ ಉಂಡೆಯನ್ನು ಮಗಳು ಕೇಳಿ ತೆಗೆದುಕೊಂಡಳು. ಒಂದೇ ಗೀಸರ್ ನೀರು ಬಿಟ್ಟು, ಲೈಟು ಉರಿಯುತ್ತಿರುವಾಗಲೇ ಮಂಡಿ ಮಡಚಿ ಕೂತು, ಉಂಡೆ ಬುರಬುರ ಅಂದು ಕರಗುವ ತನಕ ನೋಡಿದಳಂತೆ. ಅಷ್ಟೇ. “ಸಖತ್ತಾಗಿತ್ತು ಅಮ್ಮಾ” ಅನ್ನುತ್ತಾ ತಲೆ ಒರೆಸಿಕೊಂಡು ಹೊರಗೆ ಬಂದಳು. ಟಬ್ಬು ತೊಳೆದಿರಲಿಲ್ಲ.